ಹೆತ್ತ ಮಗನನ್ನು ಬಿಡಬೇಡಿ ಎಂದವರು

ನಮ್ಮ ದೊಡ್ಡಮ್ಮನಷ್ಟು ಹೆದರಿಕೊಂಡು ಬದುಕಿದವರನ್ನು ನಾನು ನೋಡಿಲ್ಲ. ಹೀಗೆ ಹೇಳಿದರೆ ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ. ಬೀದಿನಾಯಿಗಳು ಅವರ ಒಂದು ಗದರಿಕೆಗೆ ಬಾಲ ಮುದುರುತ್ತಿದ್ದವು. ನೀರಿನ ಟ್ಯಾಂಕರಿನವನು ಅವರ ಮನೆ ಮುಂದೆ ಹಾರ್ನ್ ಹೊಡೆಯಲು ಅಂಜುತ್ತಿದ್ದ. ಹೋದ ಆಷಾಢದಲ್ಲಿ ಅವರು ತೀರಿಕೊಂಡಾಗ ಬಂದವರೆಲ್ಲ "ಗಟ್ಟಿಗಿತ್ತಿ, ಗಂಡೆದೆ" ಎಂದು ಹೊಗಳಿ ಹೋದರು. ಎದುರುಮನೆಯವಳಾದ ನನಗೆ ಮಾತ್ರ ಗೇಟಿನ ಚಿಲಕ ಹಾಕಿ ಮತ್ತೆ ಮತ್ತೆ ಎಳೆದು ನೋಡುತ್ತಿದ್ದ ಅವರ ಕೈ ಕಣ್ಣಿಗೆ ಕಟ್ಟಿತ್ತು.

ದೊಡ್ಡಮ್ಮ ಅಂತ ಇಡೀ ಬೀದಿಯೇ ಕರೆಯುತ್ತಿತ್ತು. ಅವರಿಗಿಂತ ದೊಡ್ಡವರಾದ ಮೂಲೆಮನೆ ಮೇಷ್ಟ್ರೂ ಹಾಗೇ ಕರೆಯುತ್ತಿದ್ದರು. ಬೀದಿಯ ಅರ್ಧ ಜಾಗ ಒಂದು ಕಾಲಕ್ಕೆ ಅವರ ಮಾವನ ರಾಗಿ ಹೊಲವಂತೆ. ಸೈಟುಗಳಾಗಿ, ಮೂರು ಮಹಡಿಯ ಬಾಡಿಗೆ ಮನೆಗಳೆದ್ದ ಮೇಲೂ ಅವರ ಬಾಯಲ್ಲಿ ಹೊಲಗಳು ಹಾಗೇ ಉಳಿದಿದ್ದವು. "ಹುಣಸೆಮರದ ಹೊಲದತ್ರ ಬತ್ತಾ ಒಂದ್ ಪ್ಯಾಕೆಟ್ ಮೊಸರು ತಗಂಬಾವ್ವ" ಎಂದರೆ ಬೇಕರಿಗೆ ಹೋಗಬೇಕು ಎಂದು ತಿಳಿಯುವುದಕ್ಕೆ, ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಬಹಳ ದಿನ ಹಿಡಿಯಿತು.

ಒಂದು ಬೇಸಿಗೆಯಲ್ಲಿ ಕಾವೇರಿ ನೀರು ನಿಂತು, ಅವರ ಮನೆಯ ಬೋರೊಂದೇ ಬೀದಿಗೆ ಗತಿಯಾಯಿತು. ಮನೆಗೆ ನಾಲ್ಕು ಬಿಂದಿಗೆ ಎಂದು ಗೊತ್ತು ಮಾಡಿ, ತಾವೇ ಕುರ್ಚಿ ಹಾಕಿಕೊಂಡು ಕೂತರು. ಮೇಲಿನ ಮಹಡಿಯಲ್ಲಿದ್ದ ಅವರ ಹಿರಿಸೊಸೆ ಐದನೆಯದನ್ನು ಸೊಂಟಕ್ಕೇರಿಸಿದಾಗ ಕೈ ಹಿಡಿದು ಇಳಿಸಿ, ಸರದಿಯಲ್ಲಿ ನಿಂತಿದ್ದ ಬಾಡಿಗೆಯವಳ ಬಕೆಟ್ಟಿಗೆ ಸುರಿದರು.

"ನಮ್ಮನೆ ಬೋರು ತಾನೆ ಅತ್ತೆ?" ಎಂದು ಸೊಸೆ ಮುಖ ಊದಿಸಿಕೊಂಡಳು.

"ಬೋರು ನಮ್ದೇ. ಆದ್ರೆ ಸೇರು ಒಂದೇ ಇರ್ಬೇಕು ಕಣವ್ವ. ಕೊಡಾಕೊಂದು, ಈಸ್ಕಳಾಕೊಂದು ಮಡೀಕಂಡ್ರೆ ಮನೆ ಉಳಿಯಾಕಿಲ್ಲ."

ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಕಾಂಟ್ರಾಕ್ಟರ್, ರಾಜಕೀಯದವರ ಹಿಂದೆ ಮುಂದೆ ಓಡಾಡುವವನು. ಚಿಕ್ಕವನು ಸೈಟು ವ್ಯವಹಾರ ಮಾಡುತ್ತಿದ್ದ. ನೋಡಲು ಚೆಂದ, ಮಾತು ಇನ್ನೂ ಚೆಂದ. ಕುಡಿತ ಇಲ್ಲ, ಸಿಗರೇಟು ಇಲ್ಲ. ನನ್ನನ್ನು ಕಂಡರೆ "ಅಕ್ಕ, ಊಟ ಆಯ್ತಾ?" ಎಂದು ನಿಂತು ಕೇಳುವವನು. ಅವನ ಹೆಂಡತಿ ಮಾತ್ರ ಕಡುಬೇಸಿಗೆಯಲ್ಲೂ ಮೊಣಕೈ ಮುಚ್ಚುವ ರವಿಕೆ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಅವನು ಮುಂಬಾಗಿಲು ಹಿಂಬಾಗಿಲು ಎರಡನ್ನೂ ಹಾಕಿಕೊಂಡು ಅವಳನ್ನು ಕೊಂದ. ಜ್ವರವೆಂದು ಶಾಲೆಗೆ ಹೋಗದೆ ಮಲಗಿದ್ದ ಮೂರನೇ ತರಗತಿಯ ಮಗಳು ಅದೇ ಮನೆಯೊಳಗಿದ್ದಳು. ದೊಡ್ಡಮ್ಮ ಹಿತ್ತಲಲ್ಲಿ ನಿಂತು ಬಾಗಿಲು ಬಡಿದೂ ಬಡಿದೂ ಅಂಗೈ ಒಡೆದುಕೊಂಡಿದ್ದರು.

ಆಮೇಲೆ ನೆಂಟರ ಸಾಲೇ ಬಂತು. ಹೋದವಳು ಹೋದಳು, ಇರುವ ಮಗನನ್ನಾದರೂ ಉಳಿಸಿಕೋ ಎಂದರು. ದೊಡ್ಡಮ್ಮ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದರು. ಕೋರ್ಟಿನಲ್ಲಿ ಅಜ್ಜಿಯೂ ಮೊಮ್ಮಗಳೂ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಅವನಿಗೆ ಜೀವಾವಧಿ ಆಯಿತು. ಅಂದು ಮನೆಗೆ ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿ, ಮಾರನೆಯ ದಿನ ಹುಡುಗಿಯ ಸ್ಕೂಲ್ ವ್ಯಾನ್ ಬರುವ ಹೊತ್ತಿಗಷ್ಟೇ ಎದ್ದರು.

ನಮ್ಮ ಬೀದಿಯಿಂದ ಜೈಲಿಗೆ ಹೋದವನು ಅವನೊಬ್ಬನೇ ಅಲ್ಲ. ಬೀದಿಯ ಕೊನೆಯಲ್ಲಿ ಶೀಟಿನ ಮನೆಯೊಂದಿದೆ. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಸಂಸಾರ. ಅವರ ಮಗ ವೈನ್ ಸ್ಟೋರ್ ಎದುರು ಕುಡಿದು ಜಗಳವಾಡಿ, ಕೈಗೆ ಸಿಕ್ಕ ಕಲ್ಲಿನಿಂದ ಒಬ್ಬನನ್ನು ಹೊಡೆದ. ಆ ಮನುಷ್ಯ ಸತ್ತ. ಅವನಿಗೂ ಜೀವಾವಧಿ ಆಯಿತು. ಕೆಲವು ವರ್ಷಗಳ ನಂತರ ಅವನ ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತಾಗ, ಮಗ ಪೆರೋಲ್ ಕೇಳಿದ. ಹಾಗೆ ಕೇಳಿದರೆ, ಇವನು ಕೆಲವು ದಿನ ಮನೆಗೆ ಬಂದರೆ ನಿಮಗೆ ತೊಂದರೆಯೇ ಎಂದು ಅಕ್ಕಪಕ್ಕದವರನ್ನು ವಿಚಾರಿಸಲು ಪೊಲೀಸರು ಬರುತ್ತಾರೆ. ಬೀದಿ ಒಂದೇ ಬಾಯಲ್ಲಿ ಬೇಡ ಎಂದಿತು. ರೌಡಿ, ಹೆಣ್ಣುಮಕ್ಕಳು ಓಡಾಡೋ ಜಾಗ, ನಮಗೆ ಭಯ. ದೊಡ್ಡಮ್ಮನೂ ಬೇಡ ಎಂದರು. ಮಗನನ್ನು ನೋಡದೆಯೇ ಆ ಗಾರೆಯವನು ಕಣ್ಣು ಮುಚ್ಚಿದ.

ಮತ್ತೊಂದಿಷ್ಟು ಕಾಲ ಕಳೆಯಿತು. ದೊಡ್ಡಮ್ಮನ ಮೊಮ್ಮಗಳು ಆಗ ಪಿಯುಸಿ. ಒಂದು ಬೆಳಿಗ್ಗೆ ದೊಡ್ಡಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಜೊತೆಗೆ ನಾನೂ ಕೂತಿದ್ದೆ. ಕಾನ್‌ಸ್ಟೇಬಲ್ ಒಬ್ಬ ಬೈಕ್ ನಿಲ್ಲಿಸಿ, ಬೇಕರಿಯವನನ್ನೂ ಮೇಷ್ಟ್ರನ್ನೂ ಮಾತಾಡಿಸಿಕೊಂಡು ನಮ್ಮ ಹತ್ತಿರ ಬಂದ.

"ಈ ಮನೆ ಚಿಕ್ ಮಗ ಪೆರೋಲ್ ಹಾಕವ್ರೆ ಅಮ್ಮ. ತಾಯಿಗೆ ತುಂಬಾ ಸೀರಿಯಸ್ಸು, ಹಾಸಿಗೆ ಹಿಡಿದವ್ರೆ ಅಂತ ಡಾಕ್ಟರ್ ಸರ್ಟಿಫಿಕೇಟೂ ಐತೆ. ಬೀದಿಯೋರು ಎಲ್ಲಾ ಒಪ್ಕೊಂಡ್ರು. ಒಳ್ಳೆ ಮನೆತನ, ಏನೋ ಕೋಪದಲ್ಲಿ ಆಗೋಯ್ತು ಅಂದ್ರು. ತಾಯಿಯೋರನ್ನ ಒಂದ್ಸಲ ನೋಡ್ಬೇಕಿತ್ತು."

ದೊಡ್ಡಮ್ಮ ಮೊರ ಕೆಳಗಿಟ್ಟು ಎದ್ದು ನಿಂತರು. "ನಾನೇ ಕಣಪ್ಪ ಹಾಸಿಗೆ ಹಿಡಿದಿರೋ ತಾಯಿ. ಸರಿಯಾಗ್ ನೋಡ್ಕೊ."

ಹುಡುಗ ತಬ್ಬಿಬ್ಬಾದ. ಸರ್ಟಿಫಿಕೇಟು ದೊಡ್ಡ ಮಗನ ಕೆಲಸವೆಂದು ಯಾರೂ ಹೇಳಬೇಕಾಗಿರಲಿಲ್ಲ. ನನಗೆ ನಗು ಬಂದಿತ್ತು. ಕಾನ್‌ಸ್ಟೇಬಲ್ ಹೋದ ಮೇಲೆ ದೊಡ್ಡಮ್ಮನ ಕಡೆ ತಿರುಗಿದವಳಿಗೆ ಅದು ಅಲ್ಲೇ ನಿಂತುಹೋಯಿತು. ಅವರು ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಕಾಳನ್ನು ಸಿಪ್ಪೆಯ ರಾಶಿಗೂ ಹಾಕುತ್ತಿದ್ದರು.

"ಅವ್ನು ನನ್ ನೋಡಾಕೆ ಬತ್ತಾ ಇಲ್ಲ ಕಣವ್ವ. ಸಾಕ್ಷಿ ಹೇಳಿದ ದಿನ ಕೋರ್ಟಿನ್ ಮೆಟ್ಲ ಮೇಲೆ ಮಗೀನ ನೋಡಿ ನಗ್ತಾ ಅಂದ: ನೀನ್ ದೊಡ್ಡೋಳಾಗು, ಅಪ್ಪ ಬತ್ತೀನಿ ಅಂತ. ಎಲ್ಲಾರೂ ಪ್ರೀತಿ ಅಂದ್ಕಂಡ್ರು. ಹೆತ್ತೋಳಿಗೆ ಗೊತ್ತಾಗಕಿಲ್ವಾ?"

ಮಾರನೆಯ ದಿನ ಅವರ ಜೊತೆ ನಾನೂ ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ಸಂಭಾವಿತ. ಕುರ್ಚಿ ಕೊಟ್ಟು, "ಅಮ್ಮ, ನೀವೇ ಬೇಡ ಅಂದ್ರೆ ಹೆಂಗೆ? ಎಷ್ಟಾದ್ರೂ ಮಗ ಅಲ್ವಾ?" ಎಂದರು.

ದೊಡ್ಡಮ್ಮ ಕೂರಲಿಲ್ಲ. "ಸಾಮಿ, ಆ ಗಾರೆಯೋನ ಮಗ ಕುಡ್ದು ಬೀದೀಲಿ ಹೊಡೆದಾಡ್ದ. ಹೊಡೆದ್ಮೇಲೆ ಅಲ್ಲೇ ಕುಂತ್ಕಂಡು ಅತ್ತ. ಅವ್ನಿಗೆ ನಾವೆಲ್ಲ ಬೇಡ ಅಂದ್ವಿ, ನಾನೂ ಅಂದೆ. ಅಪ್ಪನ ಮುಖ ನೋಡಾಕೂ ಬಿಡ್ಲಿಲ್ಲ. ನನ್ ಮಗ ಕುಡೀಲಿಲ್ಲ. ಎರಡೂ ಬಾಗ್ಲು ಹಾಕ್ದ, ಟೀವಿ ಸೌಂಡ್ ಜೋರ್ ಮಾಡ್ದ, ಆಮೇಲೆ ಕೊಂದ. ಕೈ ತೊಳ್ಕಂಡು ಬಾಗ್ಲು ತೆಗ್ದ. ಇಬ್ಬರಲ್ಲಿ ಯಾರು ಅಪಾಯ, ನೀವೇ ಹೇಳಿ."

ಇನ್ಸ್‌ಪೆಕ್ಟರ್ ಫೈಲು ಬಿಡಿಸಿ ಪೆನ್ನು ಹಿಡಿದರು. "ನೀವ್ ಹೇಳಿದ್ದನ್ನ ಹಂಗೇ ಬರೀತೀನಮ್ಮ. ತೀರ್ಮಾನ ನಮ್ ಕೈಲಿಲ್ಲ" ಎಂದರು.

ಹೊರಗೆ ಬಂದ ಮೇಲೆ ಅವರು ಆಟೋ ಹತ್ತಲಿಲ್ಲ. ಕಂಬ ಹಿಡಿದು ನಿಂತು, "ಅವ್ನಿಗೆ ಎದೆಹಾಲು ಬಿಡ್ಸೋಕೆ ಬೇವಿನ ಸೊಪ್ಪು ಹಚ್ಚಿದ್ದೆ ಕಣೆ. ಮೂರು ದಿನ ಊಟ ಬಿಟ್ಟಿದ್ದ" ಎಂದರು.

ಪೆರೋಲ್ ಸಿಕ್ಕಿತು. ದೊಡ್ಡ ಮಗ ಹಿಡಿಯಬೇಕಾದವರನ್ನು ಹಿಡಿದಿದ್ದ. ಚಿಕ್ಕವನು ಬರುವ ಹಿಂದಿನ ದಿನ ದೊಡ್ಡಮ್ಮ ಮೊಮ್ಮಗಳ ಬಟ್ಟೆಬರೆ ಕಟ್ಟಿ ನನ್ನ ಕೈಗೆ ಕೊಟ್ಟರು. ಕೆಂಗೇರಿಯಲ್ಲಿದ್ದ ನನ್ನ ತಂಗಿಯ ಮನೆಯಲ್ಲಿ ಹುಡುಗಿಯನ್ನು ಬಿಟ್ಟು ಬಂದೆ. ಅದು ನಮ್ಮ ಮೂವರಿಗೆ ಮತ್ತು ನನ್ನ ಗಂಡನಿಗೆ ಬಿಟ್ಟು ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ಅವನು ಬಂದಾಗ ಬೀದಿಯವರು ಹಾರ ಹಾಕಲಿಲ್ಲ ಅಷ್ಟೆ. ಬೇಕರಿಯವನು ಕಾಸು ತೆಗೆದುಕೊಳ್ಳದೆ ಟೀ ಕೊಟ್ಟ. ಹುಡುಗರು "ಏನಣ್ಣ, ಸಣ್ಣ ಆಗ್ಬಿಟ್ಟಿದೀಯ" ಎಂದು ಸುತ್ತ ನಿಂತರು. ಜೈಲಿನ ಊಟ ಅವನ ನಗುವನ್ನು ಒಂದಿಷ್ಟೂ ಕೆಡಿಸಿರಲಿಲ್ಲ. ಅಣ್ಣನ ಜೊತೆ ಮೇಲಿನ ಮಹಡಿಯಲ್ಲಿ ಉಳಿದುಕೊಂಡ. ದಿನಾ ಬೆಳಿಗ್ಗೆ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಿದ್ದ. ದೊಡ್ಡಮ್ಮ ಕೆಳಗಿನ ಮನೆಯ ಗ್ರಿಲ್ಲಿಗೆ ಎರಡನೆಯ ಬೀಗ ಹಾಕಿಸಿದರು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಅವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು.

ಒಂದು ಸಂಜೆ ಆಫೀಸಿನಿಂದ ಬಂದು ಗೇಟು ತೆಗೆಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಅಕ್ಕ, ಚೆನ್ನಾಗಿದೀರಾ?"

ತಿರುಗಿದೆ. ಬಿಳಿ ಶರ್ಟು, ಹಣೆಯಲ್ಲಿ ಕುಂಕುಮ.

"ಅವ್ವ ಸ್ಟೇಷನ್ಗೆ ಹೋಗಿದ್ರಲ್ಲ, ನೀವೂ ಜೊತೇಲಿದ್ರಂತೆ. ಒಳ್ಳೇದಾಯ್ತು ಬಿಡಿ. ವಯಸ್ಸಾದೋರು, ಒಬ್ರೇ ಓಡಾಡ್ಬಾರ್ದು." ನನ್ನ ಗೇಟಿನ ಮೇಲೆ ಕೈಯಿಟ್ಟ. "ನನ್ ಮಗಳು ಎಲ್ಲಿದಾಳೆ ಅಕ್ಕ?"

"ನಂಗೊತ್ತಿಲ್ಲ."

"ಹೌದಾ. ಗೊತ್ತಾದ್ರೆ ಹೇಳಿ" ಎಂದು ನಕ್ಕ. ನಾನು ಒಳಗೆ ಹೋಗುವವರೆಗೂ ಅವನ ಕೈ ಗೇಟಿನ ಮೇಲೇ ಇತ್ತು.

ಆ ಶನಿವಾರ ಹುಡುಗಿಗೆ ಪುಸ್ತಕ ಕೊಟ್ಟು ಬರಲೆಂದು ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆ. ಸೀಟು ಸಿಕ್ಕಿ ಕೂತ ಮೇಲೆ ನೋಡಿದರೆ, ಅದೇ ಬೋಗಿಯ ಆ ಕೊನೆಯ ಬಾಗಿಲ ಹತ್ತಿರ ಅವನು ನಿಂತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದ. ಕೆಂಗೇರಿಗೆ ಬಹಳ ಮೊದಲೇ, ನಾಯಂಡಹಳ್ಳಿಯಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಸರಕ್ಕನೆ ಇಳಿದುಬಿಟ್ಟೆ. ರೈಲು ಹೊರಟಾಗ ಗಾಜಿನ ಆಚೆಯಿಂದ ಅವನು ನನ್ನನ್ನೇ ನೋಡಿ ತಲೆ ಅಲ್ಲಾಡಿಸಿದ, ಚಿಕ್ಕ ಮಕ್ಕಳ ತುಂಟತನ ಕಂಡು ಅಲ್ಲಾಡಿಸುವ ಹಾಗೆ. ಅಲ್ಲಿಂದಲೇ ತಂಗಿಗೆ ಫೋನ್ ಮಾಡಿ "ಬಾಗಿಲು ಹಾಕ್ಕೋ, ಯಾರ್ ಬಂದ್ರೂ ತೆಗೀಬೇಡ" ಎಂದೆ.

ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. ಅವರು ಕೇಳಿಸಿಕೊಂಡು ಬಚ್ಚಲಿಗೆ ಹೋದರು. ಆಮೇಲೆ ಮುಖ ತೊಳೆದು, ಸೆರಗು ಸಿಕ್ಕಿಸಿ, ಜಗಲಿಯಲ್ಲಿ ಕೂತು ಕಾದರು. ಹೊತ್ತು ಇಳಿಯುವ ಮೊದಲೇ ಅವನು ಹಿಂತಿರುಗಿ ಬೇಕರಿಯ ಮುಂದೆ ಟೀ ಹಿಡಿದು ನಿಂತ. ಸುತ್ತ ಅದೇ ಹುಡುಗರು, ಮೇಷ್ಟ್ರು, ಹಾಲು ಕೊಳ್ಳಲು ಬಂದ ಹೆಂಗಸರು. ದೊಡ್ಡಮ್ಮ ನೆಟ್ಟಗೆ ಅಲ್ಲಿಗೆ ನಡೆದರು. ನಾನು ಹಿಂದೆ ಓಡಿದೆ.

"ಮಗಳನ್ನ ಹುಡುಕ್ತಾ ಇದೀಯಂತೆ. ಯಾಕೆ?"

"ಏನವ್ವ ಇದು, ಬೀದೀಲಿ…" ಅವನು ನಕ್ಕು ಸುತ್ತ ನೋಡಿದ.

"ಬೀದೀಲೇ ಹೇಳು. ಎಲ್ಲಾರೂ ಒಪ್ಪಿ ಕರೆಸ್ಕಂಡವ್ರೆ, ಕೇಳಲಿ. ಕೋರ್ಟಲ್ಲಿ ಕಂಡಿದ್ದು ಹೇಳಿದ್ಲು ಅಂತನಾ? ಅವ್ವನ್ನ ಕೊಂದಂಗೆ ಮಗೀನೂ ಕೊಲ್ಲಾಕಾ?"

ಲೋಟ ಕೆಳಗಿಟ್ಟ. ಮೆಲ್ಲಗೆ, ಅವಸರವಿಲ್ಲದೆ ಇಟ್ಟ. ಮರುಕ್ಷಣ ಅವನ ಕೈ ದೊಡ್ಡಮ್ಮನ ಕತ್ತಿನ ಮೇಲಿತ್ತು. ಅವರ ತಲೆ ಬೇಕರಿಯ ಗಾಜಿನ ಕಪಾಟಿಗೆ ತಾಗಿ, ಗಾಜು ಒಡೆದು ಬಿತ್ತು. ಅವನ ಮುಖದಲ್ಲಿ ಕೋಪವೇ ಇರಲಿಲ್ಲ. ಹುಡುಗರು ಹಿಂದೆ ಸರಿದರು. ಮೇಷ್ಟ್ರು "ಏಯ್, ಏಯ್" ಎಂದರು. ಕೆಲಸ ಮುಗಿಸಿಕೊಂಡು ಬಾಂಡ್ಲಿ ಹಿಡಿದು ಬರುತ್ತಿದ್ದ ಗಾರೆಯವನ ಹೆಂಡತಿ ಅದೇ ಬಾಂಡ್ಲಿಯಿಂದ ಅವನ ಬೆನ್ನಿಗೆ ಬಡಿದು, "ಹಿಡೀರ್ಲೇ! ನೋಡ್ಕೋತ ನಿಂತೀರಲ್ಲ, ಹಿಡೀರ್ಲೇ!" ಎಂದು ಕಿರುಚಿದಳು. ಆಗ ಗಂಡಸರಿಗೆ ಜೀವ ಬಂತು.

ಪೆರೋಲ್ ರದ್ದಾಗಿ ಅವನು ಅಂದೇ ವಾಪಸ್ ಹೋದ. ದೊಡ್ಡಮ್ಮನ ಮೊಣಕೈ ಮುರಿದಿತ್ತು, ಕಿವಿಯ ಹಿಂದೆ ಹೊಲಿಗೆ ಬಿದ್ದಿತ್ತು.

ಬೀದಿ ಆಗ ಎಚ್ಚೆತ್ತುಕೊಂಡಿತು. ಒಂದು ಭಾನುವಾರ ಮೇಷ್ಟ್ರ ಮನೆಯಲ್ಲಿ ಎಲ್ಲರೂ ಸೇರಿದರು. ಇನ್ನು ಮುಂದೆ ಜೈಲಿನಿಂದ ಯಾರೇ ಬರಲಿ, ಬೇಡ ಎಂದು ಬರೆದುಕೊಡುವುದು, ಎಲ್ಲರಿಗೂ ಒಂದೇ ರೂಲು ಎಂದು ತೀರ್ಮಾನಕ್ಕೆ ಬರುತ್ತಿದ್ದರು. ದೊಡ್ಡಮ್ಮ ಕೈಗೆ ಜೋಳಿಗೆ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದರು.

"ಇದೂ ಸರಿಯಿಲ್ಲ" ಎಂದರು.

"ನೀವೇ ತಾನೆ ದೊಡ್ಡಮ್ಮ, ಎಲ್ಲಾರ್ಗೂ ಒಂದೇ ನ್ಯಾಯ ಅಂತಿದ್ದೋರು?" ಮೇಷ್ಟ್ರು ಕೇಳಿದರು.

"ಒಂದೇ ಅಳತೆ ಅಂದೆ ಮೇಷ್ಟ್ರೇ. ಅಳೀದೆ ಬಿಸಾಕಿ ಅನ್ನಲಿಲ್ಲ. ಮನೆತನ ನೋಡಿ ನನ್ ಮಗನ್ನ ಒಳೀಕ್ ಬಿಟ್ರಿ. ಶೀಟ್ ಮನೆ ನೋಡಿ ಆ ಹುಡುಗನ್ನ ಹೊರೀಕ್ ಹಾಕಿದ್ವಿ. ಈಗ ನನ್ ಮಗನ ತಪ್ಪಿಗೂ ಅವ್ನೇ ತೆರ್ಬೇಕಾ? ಆಳು ಎಂಥೋನು, ಏನ್ ಮಾಡ್ದ, ಇನ್ನೂ ಮಾಡ್ತಾನಾ, ಅದನ್ನ ನೋಡಿ ಹೇಳಿ."

ಮುಂದಿನ ಸಲ ಗಾರೆಯವನ ಮಗನ ವಿಚಾರಣೆಗೆ ಪೊಲೀಸರು ಬಂದಾಗ ಮೊದಲು ದೊಡ್ಡಮ್ಮನೇ ಹೋಗಿ ನನ್ನದೇನೂ ತಕರಾರಿಲ್ಲ ಎಂದರು. ಮಿಕ್ಕವರು ಅವರ ಮುಖ ನೋಡಿ ಹೂಂಗುಟ್ಟಿದರು.

ಅವನು ಬಂದ ದಿನ ನಾನು ದೊಡ್ಡಮ್ಮನ ಪಕ್ಕ ಗೇಟಿನಲ್ಲಿ ನಿಂತಿದ್ದೆ. ಅವರು ನನ್ನ ತೋಳು ಹಿಡಿದಿದ್ದರು. "ಎದೆ ಒಡ್ಕತಾ ಐತೆ ಕಣೆ. ನಾನೇ ಒಪ್ದೆ, ಆದ್ರೂ" ಎಂದರು. ಅವನು ಕಾಲಿಗೆ ಬೀಳಲು ಬಗ್ಗಿದಾಗ ಒಂದು ಹೆಜ್ಜೆ ಹಿಂದೆ ಸರಿದರು.

"ಅಲ್ಲೇ ನಿಂತ್ಕಳಪ್ಪ. ಒಂದ್ ಮಾತ್ ಕೇಳ್ತೀನಿ. ಇನ್ನೊಂದ್ ಸಲ ಯಾರಾದ್ರೂ ಕೆಣಕಿದ್ರೆ ಏನ್ ಮಾಡ್ತೀಯ?"

ಅವನು ನೆಲ ನೋಡಿದ. "ಗೊತ್ತಿಲ್ರಿ ಯಮ್ಮಾ. ಕುಡ್ಯಾಕ್ ಹೋಗಬಾರ್ದು, ಅಂಥ ಜಾಗದಾಗ ನಿಲ್ಲಬಾರ್ದು ಅಂದ್ಕೊಂಡೀನಿ. ಮುಂದಿಂದು ಗೊತ್ತಿಲ್ಲ."

ಅವನು ಹೋದ ಮೇಲೆ ನಾನು, "ಗೊತ್ತಿಲ್ಲ ಅಂದ್ನಲ್ಲ ದೊಡ್ಡಮ್ಮ, ಭಯ ಆಗಲ್ವಾ?" ಎಂದೆ.

"ಆಯ್ತದೆ. ಆದ್ರೆ ತನಗೆ ತಾನೇ ಹೆದರ್ಕೊಂಡಿರೋನು ಅವ್ನು. ನನ್ ಮಗ ಯಾವತ್ತೂ ಗೊತ್ತಿಲ್ಲ ಅಂದೋನಲ್ಲ."

ಗಾರೆಯವನ ಮಗ ಅಮ್ಮನ ಮನೆಯ ಒಂದು ಗೋಡೆಗೆ ಗಿಲಾವು ಮಾಡಿ, ಅಪ್ಪನ ಫೋಟೋಗೆ ಮೊಳೆ ಹೊಡೆದು, ಹೇಳಿದ ದಿನ ಹಿಂತಿರುಗಿ ಹೋದ. ಅಷ್ಟು ದಿನವೂ ದೊಡ್ಡಮ್ಮ ಗ್ರಿಲ್ಲಿನ ಎರಡೂ ಬೀಗ ಹಾಕಿಕೊಂಡೇ ಇದ್ದರು.

ದೊಡ್ಡಮ್ಮ ನಿಜವಾಗಿಯೂ ಹಾಸಿಗೆ ಹಿಡಿದದ್ದು ಕಳೆದ ವರ್ಷ, ಹೃದಯದ ತೊಂದರೆಯಿಂದ. ಕೊನೆಯ ದಿನಗಳಲ್ಲಿ ದೊಡ್ಡ ಮಗ ಮಂಚದ ಪಕ್ಕ ಕೂತು, "ತಮ್ಮನ್ನ ಒಂದ್ಸಲ ಕರೆಸ್ಲಾ ಅವ್ವ?" ಎಂದು ಕೇಳಿದ. ದೊಡ್ಡಮ್ಮ ಅವನ ಮುಖವನ್ನೇ ನೋಡಿದರು, ಕಣ್ಣಲ್ಲಿ ನೀರಿಳಿಯಿತು. "ನಂಗೂ ಆಸೆ ಐತೆ ಕಣೋ. ಬ್ಯಾಡ" ಎಂದರು. ಎರಡು ದಿನದ ಮೇಲೆ ಹೋದರು.

ಅಂತ್ಯಕ್ರಿಯೆಗೆ ತಮ್ಮನನ್ನು ಕರೆತರಲು ಅಣ್ಣ ಅರ್ಜಿ ಹಾಕಿದ. ಈ ಸಲ ಪೊಲೀಸರು ಬೀದಿಯನ್ನು ಕೇಳಲಿಲ್ಲ, ಡಿಗ್ರಿ ಓದುತ್ತಿದ್ದ ಮೊಮ್ಮಗಳನ್ನೇ ಕೇಳಿದರು. ಅವಳು ಯೋಚಿಸಿ, "ತಾಯಿ ಮುಖ ನೋಡ್ಲಿ ಸಾರ್. ನೀವು ಜೊತೇಲೇ ಇರಿ, ಒಬ್ರನ್ನೇ ಬಿಡ್ಬೇಡಿ" ಎಂದಳು.

ಸುಮನಹಳ್ಳಿ ಚಿತಾಗಾರಕ್ಕೆ ಪೊಲೀಸರ ವ್ಯಾನಿನಲ್ಲಿ ಬಂದ. ತಲೆ ಅರ್ಧ ನರೆತಿತ್ತು. ತಾಯಿಯ ಮುಖ ನೋಡಿದ, ಅಕ್ಕಿ ಹಾಕಿದ, ಅತ್ತ. ಆ ಅಳು ನಿಜವೋ ಸುಳ್ಳೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ಕಣ್ಣೊರೆಸಿಕೊಂಡು, ಈ ಬದಿಯಲ್ಲಿ ನನಗೆ ಅಂಟಿ ನಿಂತಿದ್ದ ಮಗಳನ್ನು ನೋಡಿದ.

"ದೊಡ್ಡೋಳಾಗ್ಬಿಟ್ಟೆ" ಎಂದ. ದನಿ ಮೃದುವಾಗಿತ್ತು.

ಹುಡುಗಿಯ ಉಗುರು ನನ್ನ ಅಂಗೈಗೆ ನಾಟಿತು. ಅವಳು ಕಣ್ಣು ತಗ್ಗಿಸಲಿಲ್ಲ. ಪೊಲೀಸಿನವರು "ನಡೀರಿ, ಟೈಮಾಯ್ತು" ಎಂದರು. ವ್ಯಾನಿನ ಬಾಗಿಲು ಮುಚ್ಚಿ, ಅದು ರಿಂಗ್ ರೋಡಿನ ಗಾಡಿಗಳ ನಡುವೆ ಸೇರಿಹೋಗುವವರೆಗೂ ನಾವಿಬ್ಬರೂ ಅಲ್ಲಾಡಲಿಲ್ಲ.

"ಆಂಟಿ" ಎಂದಳು ಹುಡುಗಿ. "ಅವ್ರನ್ನ ಪೂರ್ತಿ ಬಿಟ್ಬಿಡ್ತಾರಲ್ಲ ಒಂದಿನ, ಅವತ್ತು ನಮಗೆ ಮೊದಲೇ ಯಾರಾದ್ರೂ ಹೇಳ್ತಾರಾ?"

ವ್ಯಾನಿನ ಜೊತೆ ಹೋಗದೆ ಅಲ್ಲೇ ಉಳಿದಿದ್ದ ಕಾನ್‌ಸ್ಟೇಬಲನನ್ನು ಕೇಳಿದೆ. ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. "ಹೇಳ್ಬೇಕು ಮೇಡಂ" ಎಂದ. ಟೋಪಿ ಹಾಕಿಕೊಳ್ಳುತ್ತಾ, "ಹೇಳಿದ್ದು ನಾನು ನೋಡಿಲ್ಲ" ಎಂದ.